ಬಾತುಮರಿ ಸಾಕುವುದು ಇದೇ ಮೊದಲು, ಒಂದು ಮರಿ ನಿಲ್ಲುತ್ತಿಲ್ಲ. ಏನು ಮಾಡಲಿ?

ಯಲಹಂಕದವಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಯಲಹಂಕದಲ್ಲಿ ಸ್ವಂತ ಮನೆ, ಹಿಂದೆ ನುಗ್ಗೆಮರ ಇರುವ ಸ್ವಲ್ಪ ಜಾಗ ಇದೆ. ಹತ್ತು ದಿನದ ಹಿಂದೆ ಸಂತೆಗೆ ತರಕಾರಿ ತರಲು ಹೋದ ನಮ್ಮ ಮನೆಯವರು ತರಕಾರಿ ಬಿಟ್ಟು ನಾಲ್ಕು ಬಾತುಮರಿ ತಂದರು. ಮಾರಿದವನು "ಮೂರು ದಿನದ ಮರಿ ಸಾರ್, ಟಬ್ಬಿಗೆ ನೀರು ತುಂಬಿ ಬಿಡಿ, ಅವೇ ಬೆಳೆದುಕೊಳ್ತವೆ" ಅಂದನಂತೆ. ಬಿಟ್ಟೆವು. ಹತ್ತು ನಿಮಿಷ ಚೆನ್ನಾಗಿಯೇ ಈಜಿದವು, ಮಗಳು ವಿಡಿಯೋ ಮಾಡಿದ್ದೇ ಮಾಡಿದ್ದು. ಆಮೇಲೆ ನೋಡಿದರೆ ನೆಂದ ಹತ್ತಿ ಉಂಡೆಯ ಹಾಗೆ ಮುದ್ದೆಯಾಗಿ ಗಡಗಡ ನಡುಗುತ್ತಿವೆ! ಟವೆಲಲ್ಲಿ ಒರೆಸಿ ಹೇಗೋ ಉಳಿಸಿಕೊಂಡೆವು.

ಈಗ ರಟ್ಟಿನ ಡಬ್ಬದಲ್ಲಿ ಪೇಪರ್ ಹಾಸಿ, ಮೇಲೆ 9 ವಾಟಿನ ಎಲ್‌ಇಡಿ ಬಲ್ಬು ಹಾಕಿದ್ದೇನೆ. ಆದರೂ ರಾತ್ರಿಯಿಡೀ ಕಿರುಚುತ್ತವೆ. ಊಟಕ್ಕೆ ಅಕ್ಕಿ ನುಚ್ಚು, ಹಾಲಲ್ಲಿ ನೆನೆಸಿದ ಬ್ರೆಡ್ಡು. ಮೊನ್ನೆಯಿಂದ ಒಂದು ಮರಿ ಎರಡು ಹೆಜ್ಜೆ ಇಟ್ಟು ಕುಕ್ಕರಿಸಿಬಿಡುತ್ತದೆ, ಕಾಲು ಬಿಲ್ಲಿನ ಹಾಗೆ ಬಾಗಿದೆ. ಮಗಳು ಅದನ್ನು ತೊಡೆ ಮೇಲಿಂದ ಇಳಿಸುತ್ತಿಲ್ಲ. ಉಳಿಯುತ್ತದಾ?

ಹಳೇ ಪುಕ್ಕ:

ಮೊದಲು ಬಲ್ಬು ಬದಲಾಯಿಸಿ ಮೇಡಂ. ಎಲ್‌ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ತಂತಿ ಇರುವ ಹಳೇ ಕಾಲದ 60 ವಾಟಿನ ಬಲ್ಬು ಕೇಳಿ, ಮೂಲೆಯಲ್ಲಿ ಧೂಳು ಹಿಡಿದು ಕೂತಿರುತ್ತದೆ. ಮೊದಲ ವಾರ ಮರಿ ಇರುವ ಜಾಗದಲ್ಲಿ 32–33 ಡಿಗ್ರಿ ಇರಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ದೂರ ಹೋಗಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಬಲ್ಬನ್ನು ಡಬ್ಬದ ಒಂದು ತುದಿಗೆ ಮಾತ್ರ ಕಟ್ಟಿ, ಸೆಕೆ ಆದವು ಇನ್ನೊಂದು ತುದಿಗೆ ಹೋಗಲಿ. ರಟ್ಟಿಗೆ ತಾಗದ ಹಾಗೆ ಗಟ್ಟಿಯಾಗಿ ಕಟ್ಟಬೇಕು, ಬಿದ್ದರೆ ಬೆಂಕಿ. ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಒಳಗಿಡಿ.

ಈಜುವುದಂತೂ ಸದ್ಯಕ್ಕೆ ಬೇಡ. ಬಾತಿನ ಪುಕ್ಕ ನೆನೆಯದಿರಲು ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆ ಸವರಿಕೊಳ್ಳಬೇಕು, ಇಷ್ಟು ಎಳೇ ಮರಿಗೆ ಅದು ಸಾಲದು. ತಾಯಿ ಜೊತೆಗಿದ್ದರೆ ಅವಳ ಪುಕ್ಕದ ಎಣ್ಣೆ ಇವುಗಳಿಗೂ ತಾಗುತ್ತದೆ, ಕಾವೂ ಸಿಗುತ್ತದೆ. ನಿಮ್ಮ ಟಬ್ಬಿಗೆ ತಾಯಿ ಬಂದಿರಲಿಲ್ಲ ಅಲ್ವಾ? ಮೈತುಂಬ ಪುಕ್ಕ ಬರಲು ಏಳೆಂಟು ವಾರ ಬೇಕು, ಅಲ್ಲಿವರೆಗೆ ತಡೆಯಿರಿ.

ಕೋಳಿಗೂಡು:

ಬಲ್ಬಿನ ವಿಷಯ ಬಂತು, ನಾನು ಕಾಲಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಮರಿಗೆ ನಯಾಸಿನ್ ಕೊರತೆ ಇರಬಹುದು, ಅಂದರೆ ಬಿ3 ವಿಟಮಿನ್. ಕೋಳಿಮರಿಗಿಂತ ಬಾತುಮರಿಗೆ ಇದು ತುಂಬ ಜಾಸ್ತಿ ಬೇಕು, ಕಿಲೋ ಆಹಾರದಲ್ಲಿ 55 ಮಿಲಿಗ್ರಾಂ ಅಂತ ಲೆಕ್ಕ. ನುಚ್ಚು, ಬ್ರೆಡ್ಡು ತಿಂದರೆ ಎಲ್ಲಿಂದ ಬರಬೇಕು? ಅವತ್ತೇ ಕಾಣುವುದಿಲ್ಲ, ಹತ್ತು ಹದಿನೈದು ದಿನಕ್ಕೆ ಹೀಗೆ ಕಾಲು ಬಾಗಿ ಕೂರುತ್ತವೆ. ಹಾಲು, ಬ್ರೆಡ್ಡು ಇವತ್ತೇ ನಿಲ್ಲಿಸಿ. ಕೋಳಿಮರಿಯ ಸ್ಟಾರ್ಟರ್ ಫೀಡ್ ತನ್ನಿ, ಒಂದು ಲೋಟ ಫೀಡಿಗೆ ಒಂದು ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟಿನ ಒಣ ಪುಡಿ) ಬೆರೆಸಿ ನೀರು ಚಿಮುಕಿಸಿ ಕೊಡಿ. ಬ್ರೆಡ್ ಉಬ್ಬಿಸುವ ಯೀಸ್ಟ್ ಅಲ್ಲ, ಅದು ಬೇರೆ. ಬೇಯಿಸಿ ಹಿಸುಕಿದ ಹಸಿರು ಬಟಾಣಿಯೂ ಒಳ್ಳೆಯದು, ಅದಕ್ಕಂತೂ ಹುಚ್ಚು ಬಿದ್ದು ತಿನ್ನುತ್ತವೆ.

ಆ ಪೇಪರನ್ನೂ ತೆಗೆಯಿರಿ. ಜಾರುತ್ತದೆ, ಎಳೇ ಕಾಲು ಎರಡು ಕಡೆಗೆ ಸೀಳಿಕೊಂಡು ಹೋಗುತ್ತದೆ. ಹಳೇ ಟವೆಲ್ ಅಥವಾ ಗೋಣಿಚೀಲ ಹಾಸಿ.

ಶೇಂಗಾ ಹಿಂಡಿಯಲ್ಲೂ ನಯಾಸಿನ್ ಜಾಸ್ತಿ ಅಂತ ಯಾರಾದರೂ ಹೇಳಬಹುದು. ನಿಜವೇ, ಆದರೆ ಹಾಕಬೇಡಿ. ಬೂಸಲು ಹಿಡಿದ ಹಿಂಡಿ, ಜೋಳದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ, ಅದಕ್ಕೆ ಬೇಗ ಸಾಯುವ ಪ್ರಾಣಿಗಳಲ್ಲಿ ಬಾತುಮರಿಯೇ ಮುಂದೆ. ಹೋದ ಮಳೆಗಾಲ ನಾನು ಚೀಲದ ತಳದಲ್ಲಿ ಉಳಿದಿದ್ದ ಹಿಂಡಿಯನ್ನು "ಸುಮ್ನೆ ಯಾಕೆ ಎಸೆಯೋದು" ಅಂತ ಹಾಕಿ ಮೂರು ಮರಿ ಕಳೆದುಕೊಂಡೆ. ಮೂಸಿ ನೋಡಿದ್ದರೆ ಗೊತ್ತಾಗುತ್ತಿತ್ತೋ ಏನೋ, ಮೂಸಲಿಲ್ಲ.

ನೀರಿನ ಬಗ್ಗೆ ಒಂದು ಉಪಾಯ. ಬಾತು ತಿನ್ನುವಾಗ ಪ್ರತಿ ತುತ್ತಿಗೂ ನೀರು ಬೇಕು, ಕೊಕ್ಕು ಮೂಗಿನ ತೂತಿನವರೆಗೆ ಮುಳುಗುವಷ್ಟು. ಆದರೆ ತಟ್ಟೆ ಇಟ್ಟರೆ ಒಳಗೇ ಹತ್ತಿ ಕೂರುತ್ತವೆ. ನಾನು ಮುಚ್ಚಳವಿರುವ ಎರಡು ಲೀಟರ್ ಪ್ಲಾಸ್ಟಿಕ್ ಡಬ್ಬದ ಬದಿಯಲ್ಲಿ ತಲೆ ತೂರುವಷ್ಟು ತೂತು ಕೊರೆದು, ಅಂಚನ್ನು ಕಾದ ಚಮಚದಿಂದ ನುಣುಪು ಮಾಡಿ, ಒಂದು ಟ್ರೇ ಮೇಲೆ ಜಾಲರಿ ಇಟ್ಟು ಅದರ ಮೇಲೆ ಕೂರಿಸಿದ್ದೇನೆ. ತಲೆ ಒಳಗೆ ಹೋಗುತ್ತದೆ, ಮೈ ಹೋಗುವುದಿಲ್ಲ, ಚೆಲ್ಲಿದ ನೀರು ಟ್ರೇಗೆ ಬೀಳುತ್ತದೆ. ಆ ಕೊಳೆನೀರು ಕರಿಬೇವಿಗೆ.

ಮಂಡ್ಯ ಕಡೆಯವನು:

ಇಷ್ಟೆಲ್ಲ ಬೇಕಾ ಗುರು? ನಮ್ಮಜ್ಜಿ ಬಾತುಮೊಟ್ಟೆನ ಕೋಳಿ ಕಾವಿಗೆ ಇಡ್ತಿದ್ರು. ಕೋಳಿಮೊಟ್ಟೆ 21 ದಿನ, ಇದು 28, ಪಾಪ ಕೋಳಿ ಒಂದು ವಾರ ಎಕ್ಸ್‌ಟ್ರಾ ಡ್ಯೂಟಿ. ಮರಿ ನಾಲೆಗೆ ಇಳಿದ್ರೆ ಅದು ದಡದಲ್ಲಿ ಲೊಕ್ಕ್ ಲೊಕ್ಕ್ ಅಂತ ಓಡಾಡೋದು. ಯೀಸ್ಟೂ ಇಲ್ಲ, ಬಲ್ಬೂ ಇಲ್ಲ.

ಕೋಳಿಗೂಡು:

ಬಲ್ಬಿನ ಬದಲು ಕೋಳಿ ಇತ್ತಲ್ಲ ಗುರು! ನೆಂದು ಬಂದರೆ ರೆಕ್ಕೆ ಕೆಳಗೆ ಸೇರಿಸಿಕೊಳ್ಳುತ್ತಿತ್ತು. ಯೀಸ್ಟಿನ ಬದಲು ನಾಲೆಯ ಹುಳ, ಬಸವನಹುಳ. ನಿಮ್ಮಜ್ಜಿ ಬ್ರೆಡ್ ಹಾಕಿದ್ದರಾ ಹೇಳಿ.

ಹೆಬ್ಬಾಳದ ಹುಡುಗಿ:

ವೆಟರ್ನರಿ ಓದುತ್ತಿದ್ದೇನೆ, ಅಷ್ಟೇ, ಡಾಕ್ಟರ್ ಅಲ್ಲ. ಎರಡು ಮೂರು ದಿನದಲ್ಲಿ ಮರಿ ಸುಧಾರಿಸದಿದ್ದರೆ, ತಿನ್ನುವುದನ್ನು ಬಿಟ್ಟರೆ ಅವತ್ತೇ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ತನ್ನಿ. ಯಲಹಂಕದಿಂದ ದೂರವಿಲ್ಲ. ಫೀಡ್ ಕೊಳ್ಳುವಾಗ ಔಷಧಿ ಬೆರೆಸದ್ದು ಕೇಳಿ. ಕೋಳಿಮರಿಯ ಲೆಕ್ಕಕ್ಕೆ ಹಾಕಿದ ಕೆಲವು ಔಷಧಿ ಬಾತಿಗೆ ಆಗುವುದಿಲ್ಲ. ಬಂದಾಗ ಡಕ್ ಪ್ಲೇಗ್ (ಬಾತುಗಳಿಗೆ ಬರುವ ಸಾಂಕ್ರಾಮಿಕ ರೋಗ) ಲಸಿಕೆ ಯಾವಾಗ ಅಂತಲೂ ವಿಚಾರಿಸಿ.

ಮಗಳು ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ, ಮುತ್ತು ಕೊಡುವುದು ಬೇಡ. ನೋಡಲು ಆರೋಗ್ಯವಾಗಿರುವ ಮರಿಯಲ್ಲೂ ಸಾಲ್ಮೊನೆಲ್ಲಾ ಅನ್ನುವ, ವಾಂತಿ ಭೇದಿ ತರುವ ರೋಗಾಣು ಇರಬಹುದು.

ಯಲಹಂಕದವಳು:

ಐದು ದಿನ ಆಯಿತು, ಹೇಳಿಬಿಡೋಣ ಅಂತ ಬಂದೆ. ಬಲ್ಬು ಮೂರನೇ ಅಂಗಡಿಯಲ್ಲಿ ಸಿಕ್ಕಿತು, ಅಂಗಡಿಯವರು "ಮದುವೆ ಸೀರಿಯಲ್ ಸೆಟ್ಟಿಗಾ?" ಅಂದರು. ರಾತ್ರಿ ಈಗ ಸದ್ದಿಲ್ಲ. ಕಾಲಿನ ಮರಿ ನಿನ್ನೆ ಬಟಾಣಿ ಬಟ್ಟಲಿನವರೆಗೆ ತಾನೇ ನಡೆಯಿತು, ಇನ್ನೂ ಸ್ವಲ್ಪ ವಾಲುತ್ತದೆ. ಹೆಬ್ಬಾಳಕ್ಕೂ ಒಯ್ದಿದ್ದೆ, ಯೀಸ್ಟ್ ಮುಂದುವರಿಸಿ ಅಂದರು. ಹೊಸ ತಲೆನೋವು ಅಂದರೆ ಹಿತ್ತಲ ಮೋರಿಯ ಹೆಗ್ಗಣ. ಅದಿರಲಿ, ಮಗಳು ನಾಲ್ಕಕ್ಕೂ ಹೆಣ್ಣು ಹೆಸರು ಇಟ್ಟಿದ್ದಾಳೆ. ಗಂಡು ಹೆಣ್ಣು ಗೊತ್ತಾಗುವುದು ಯಾವಾಗ?

ಹಳೇ ಪುಕ್ಕ:

ಹೆಗ್ಗಣಕ್ಕೆ ಕೋಳಿ ಜಾಲರಿ ಸಾಲದು, ಸಣ್ಣ ಕಣ್ಣಿನ ವೆಲ್ಡ್ ಮೆಶ್ ಹಾಕಿಸಿ, ಅಡಿಗೂ ಸೇರಿಸಿ, ಮಣ್ಣು ತೋಡಿಕೊಂಡು ಬರುತ್ತದೆ. ಗಂಡು ಹೆಣ್ಣಿಗೆ ಎರಡು ತಿಂಗಳು ಕಾಯಿರಿ, ದನಿಯಲ್ಲೇ ಗೊತ್ತಾಗುತ್ತದೆ. ಬೀದಿಗೆಲ್ಲ ಕೇಳುವ ಹಾಗೆ ಕ್ವಾಕ್ ಅಂದರೆ ಹೆಣ್ಣು, ಗಂಟಲು ಕಟ್ಟಿದವರ ಹಾಗೆ ಪಿಸುಗುಟ್ಟಿದರೆ ಗಂಡು. ಮೂರು ನಾಲ್ಕು ತಿಂಗಳಿಗೆ ಗಂಡಿನ ಬಾಲದ ಮೇಲೆ ಒಂದೆರಡು ಪುಕ್ಕ ಸುರುಳಿಯಾಗುತ್ತವೆ. ನಾಲ್ಕೂ ಹೆಣ್ಣಾದರೆ ಪಕ್ಕದ ಮನೆಯವರಿಗೆ ಈಗಲೇ ಮೊಟ್ಟೆ ಕೊಡ್ತೀವಿ ಅಂತ ಹೇಳಿಟ್ಟಿರಿ.