‘ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!’: ಆ ಕೆಂಪನ್ನು ಕನ್ನಡಕ್ಕೆ ತರುವುದು ಹೇಗೆ?

ಪ್ರಶ್ನೆ

ಅಮೆರಿಕದ ಅಧ್ಯಕ್ಷ ಲಿಂಕನ್ ಸಾವಿಗೆ ಅಲ್ಲಿನ ಕವಿ ವಾಲ್ಟ್ ವಿಟ್‌ಮನ್ ಬರೆದ ಈ ಪದ್ಯವನ್ನು ಅನುವಾದಿಸುತ್ತಿದ್ದೇನೆ. ಗೆದ್ದ ಹಡಗು ದಡ ಸೇರುತ್ತಿದೆ, ನಾಯಕ ಮಾತ್ರ ಡೆಕ್ ಮೇಲೆ ತಣ್ಣಗೆ ಸತ್ತು ಬಿದ್ದಿದ್ದಾನೆ; ಪ್ರತಿ ಚರಣವೂ ಆ ಮಾತಿನಲ್ಲೇ ಮುಗಿಯುತ್ತದೆ. ಮೊದಲ ಚರಣದ ಕೆಂಪು ಹನಿಗಳ ಹತ್ತಿರ ಕೆಲಸ ನಿಂತಿದೆ. ನಮ್ಮಲ್ಲಿ ಕೆಂಪು ಅಂದರೆ ಕುಂಕುಮ, ಮಂಗಳ. ಶೋಕಗೀತೆಯಲ್ಲಿ ಹಾಗೇ ಇಡಬಹುದೇ? ಕಪ್ಪು ಬಾವುಟವನ್ನೋ ಬಿಳಿ ಬಟ್ಟೆಯನ್ನೋ ಸೇರಿಸಿದರೆ ಸೂತಕದ ಭಾವ ಬರುತ್ತದೆಯೇ? ಸದ್ಯಕ್ಕೆ ‘ಕೆಂಪು–ತಂಪು’ ಪ್ರಾಸ ಹಾಕಿದ್ದೇನೆ.

ಉತ್ತರ 1

ಏನೂ ಸೇರಿಸಬೇಡಿ. 24 ಸಾಲಿನ ಪದ್ಯದಲ್ಲಿ ಬಣ್ಣದ ಹೆಸರು ಒಂದೇ ಒಂದು ಸಲ ಬರುತ್ತದೆ, ಅದೇ ಈ ಕೆಂಪು. ಎರಡನೇ ಚರಣದಲ್ಲಿ ಬಾವುಟ, ಹೂಗುಚ್ಛ, ರಿಬ್ಬನ್ ಕಟ್ಟಿದ ಹೂಮಾಲೆ ಎಲ್ಲ ಇವೆ, ಒಂದಕ್ಕೂ ಬಣ್ಣ ಹೇಳಿಲ್ಲ. ದಡದ ಜನ ಇನ್ನೂ ಗೆಲುವಿನ ಸಂಭ್ರಮದಲ್ಲಿದ್ದಾರೆ. ಡೆಕ್ ಮೇಲಿನ ನೆತ್ತರು ಕಂಡಿರುವುದು ಹೇಳುವವನೊಬ್ಬನಿಗೇ. ಚರಿತ್ರೆಯೂ ಹಾಗೇ ಇದೆ: ಅಂತರ್ಯುದ್ಧದಲ್ಲಿ ಲಿಂಕನ್ ಎದುರಾಳಿಗಳ ಸೇನಾನಿ ಜನರಲ್ ಲೀ 1865ರ ಏಪ್ರಿಲ್ 9ಕ್ಕೆ ಶರಣಾದ, 14ಕ್ಕೆ ಲಿಂಕನ್‌ಗೆ ಗುಂಡು ಬಿತ್ತು. ಕಪ್ಪು ಬಾವುಟ ಹಾರಿಸಿದರೆ ಊರಿಗೆಲ್ಲ ಸುದ್ದಿ ಮೊದಲೇ ಮುಟ್ಟಿದಂತಾಗಿ ಪದ್ಯವೇ ಕುಸಿಯುತ್ತದೆ.

ಕೆಂಪಿನ ಮಂಗಳದ ಅರ್ಥಕ್ಕೆ ಹೆದರಬೇಕಿಲ್ಲ. ಗೆದ್ದು ಬಂದವನಿಗೆ ಓಕುಳಿ ನೀರಿನ ಆರತಿ ಎತ್ತುವವರು ನಾವು, ಹಾಗಾಗಿ ಇಲ್ಲಿನ ಕೆಂಪು ನಮಗೆ ಇನ್ನೂ ಹೆಚ್ಚು ಚುಚ್ಚುತ್ತದೆ. ಆದರೆ ಆರತಿಯನ್ನು ಪದ್ಯದೊಳಕ್ಕೆ ತರಬೇಡಿ!

ಮೂರನೇ ಚರಣದ ತುಟಿಗೆ ‘ಬಿಳಿ’ ಬೇಡ, ‘ಬಿಳಿಚಿದ’ ಇರಲಿ. ರಕ್ತ ಇಳಿದುಹೋದದ್ದು ಆಗ ತಿಳಿಯುತ್ತದೆ.

ಉತ್ತರ 2

‘ತಂಪು’ ತೆಗೆಯಿರಿ. ಅದು ಮರದ ನೆರಳಿಗೆ, ಮಜ್ಜಿಗೆಗೆ ಹೇಳುವ ಮಾತು. ಹೆಣ ‘ತಣ್ಣಗೆ’ ಆಗುತ್ತದೆ.

ಮೂಲದಲ್ಲಿ ಮೂರೂ ಚರಣಗಳ ಆರನೇ ಸಾಲು ಕೊನೆಯ ಪದ ‘ಡೆಡ್’ಗೆ ಪ್ರಾಸವಾಗುತ್ತದೆ: ರೆಡ್ (ಕೆಂಪು), ಹೆಡ್ (ತಲೆ), ಟ್ರೆಡ್ (ನಡಿಗೆ). ಬಣ್ಣವೇ ಸಾವನ್ನು ಎಳೆದು ತರುವ ಹೆಣಿಗೆ ಅದು. ಅಂತ್ಯಪ್ರಾಸ ಬಿಟ್ಟು ಸಾಲುಗಳ ಎರಡನೇ ಅಕ್ಷರ ಹೊಂದುವ ನಮ್ಮ ದ್ವಿತೀಯಾಕ್ಷರ ಪ್ರಾಸ ಹಿಡಿದರೆ ಇದು ಕನ್ನಡದಲ್ಲೂ ಆಗುತ್ತದೆ: ನೆತ್ತರು, ನೆತ್ತಿ, ಸುತ್ತು, ಕೊನೆಗೆ ಸತ್ತು. ಅದೇ ವ್ಯಂಜನ ಇಮ್ಮಡಿಯಾದ ಒತ್ತಕ್ಷರದ ಪ್ರಾಸ, ಹಯಪ್ರಾಸ. ಈ ಪದಗಳು ಸಾಲಿನ ಮೊದಲಿಗೇ ಬರಬೇಕು.

ಉತ್ತರ 3

ಹೆಣಿಗೆ ಒಪ್ಪಿದೆ, ನಡುವಿನ ಎರಡು ಪದ ಒಪ್ಪಲಿಲ್ಲ. ಎರಡನೇ ಚರಣದಲ್ಲಿ ಹೇಳುವವನ ತೋಳು ಇರುವುದು ನಾಯಕನ ತಲೆಯ ಅಡಿಗೆ, ನೆತ್ತಿಯ ಅಡಿಗಲ್ಲ. ‘ಎತ್ತಿ ತಲೆಯ ತೋಳಲಿಟ್ಟೆ’ ಅನ್ನಬಹುದು. ‘ಸುತ್ತು’ ಅಂದರೆ ಸಂಜೆಯ ತಿರುಗಾಟ. ‘ಅತ್ತಿತ್ತ ನಡೆವೆ’ ಇರಲಿ, ಒಳಗೆ ‘ಅತ್ತು’ ಕೂಡ ಕೇಳುತ್ತದೆ.

ಪ್ರಶ್ನಿಸಿದವರು

‘ಕೆನ್ನೆತ್ತರು’ ಮಾಡಿದರೆ ಬಣ್ಣವೂ ಉಳಿಯುತ್ತದಲ್ಲ? ಇನ್ನೊಂದು ಸಂಶಯ: ನಾಯಕನಿಗೆ ‘ಸತ್ತು’ ಅನ್ನುವುದು ಒರಟಾಗದೇ?

ಉತ್ತರ 2

‘ಕೆನ್ನೆತ್ತರು’ ಅಂದರೆ ಎರಡನೇ ಅಕ್ಷರ ‘ನ್ನೆ’ ಆಗಿ ಪ್ರಾಸ ಹೋಯಿತು. ‘ನೆತ್ತರ ಹನಿ ಕೆಂಪು ಕೆಂಪು’ ಎಂದು ಬಣ್ಣವನ್ನು ಹಿಂದಕ್ಕೆ ತಳ್ಳಿ. ‘ಸತ್ತು’ ಒರಟೇ, ಮೂಲವೂ ಅಷ್ಟೇ ಒರಟು. ‘ತೀರಿಕೊಂಡು’ ಹಾಕಿದರೆ ಪತ್ರಿಕೆಯ ಶ್ರದ್ಧಾಂಜಲಿ ಅಂಕಣವಾಗುತ್ತದೆ.

ಉತ್ತರ 1

ಕಪ್ಪು ಬೇಕೇ ಬೇಕೆಂದರೆ ಲಿಂಕನ್ ಮೇಲೆ ಅದೇ ಕವಿ ಬರೆದ ಲೈಲಾಕ್ ಹೂವಿನ ಪದ್ಯಕ್ಕೆ ಕೈಹಾಕಿ. ಕರಿಬಟ್ಟೆ ಹೊದ್ದ ಊರುಗಳು, ನಕ್ಷತ್ರವನ್ನು ಮುಚ್ಚುವ ಕತ್ತಲು, ಬೂದುಗಂದು ಹಕ್ಕಿ, ಹಳದಿ ಗೋಧಿ ತೆನೆ, ಎಲ್ಲ ಅಲ್ಲಿವೆ. ಅಲ್ಲೂ ಒಂದು ಗುಂಡಿ ಇದೆ: ಲೈಲಾಕ್‌ಗೆ ‘ನೇರಳೆ ಹೂ’ ಅಂದರೆ ಓದುವವರಿಗೆ ಹಣ್ಣಿನ ಮರ ಕಾಣುತ್ತದೆ. ಹೆಸರನ್ನು ಹಾಗೇ ಬಿಟ್ಟು, ಅದರ ಹೃದಯದಾಕಾರದ ಹಸಿರೆಲೆಯನ್ನು ಮಾತ್ರ ಕಳೆಯದೆ ತನ್ನಿ.