ಹವಾಯಿಯ ಪುರಾಣಕಥೆಗಳಲ್ಲಿ ಸುನಾಮಿಯ ನೆನಪಿದೆಯೇ?

ಪ್ರಶ್ನೆ: ಕುಂಬಳೆಯ ಓದುಗ

ಪರಶುರಾಮನ ಕೊಡಲಿಗೆ ಹೆದರಿ ಕಡಲು ಹಿಂದೆ ಸರಿಯಿತೆಂಬ ಕಥೆಯನ್ನು ಕೇಳಿ ಬೆಳೆದ ನಮಗೆ, ಹವಾಯಿಯವರು ಕಡಲು ನೆಲದ ಮೇಲೇರಿ ಬಂದ ಕಥೆ ಹೇಳುತ್ತಾರೆನ್ನುವುದು ಕುತೂಹಲದ ಸಂಗತಿ. ಅಗ್ನಿಪರ್ವತದ ದೇವತೆ ಪೆಲೆ ತವರಿನಿಂದ ಹೊರಟಾಗ ತಾಯಿ ಕಹಿನಾಲಿಇ ಕಡಲನ್ನೇ ಕೊಟ್ಟು ಕಳುಹಿಸಿದಳು, ಆ ನೀರು ಏರಿ ಎತ್ತರದ ಶಿಖರಗಳಷ್ಟೇ ಕಾಣುವಂತಾಯಿತು ಎಂಬ ಕಥೆಯನ್ನು ಸುನಾಮಿಯ ದಾಖಲೆಯೆಂದು ಪರಿಗಣಿಸಬಹುದೇ?

ಉತ್ತರ: ಮಂಜೇಶ್ವರದ ನಿವೃತ್ತ ಅಧ್ಯಾಪಕ

ಮಾನ್ಯರೇ, ದಾಖಲೆಯೆನ್ನಲು ನಾನು ಹಿಂಜರಿಯುತ್ತೇನೆ. ಪೆಲೆಯ ಕಥೆಯಲ್ಲಿರುವುದು ಪ್ರಳಯ. ಸುನಾಮಿಯ ಗುರುತಾದ, ಕಡಲು ಮೊದಲು ಒಳಸರಿದು ಆಮೇಲೆ ನುಗ್ಗುವ ಕ್ರಮ ಅದರಲ್ಲಿಲ್ಲ. ನೂಉ ಎಂಬಾತ ದೋಣಿಯಲ್ಲಿ ಬದುಕುಳಿದ ಕಥೆಯಂತೂ ಬೈಬಲಿನ ನೋಹನನ್ನು ಅತಿಯಾಗಿ ಹೋಲುವುದರಿಂದ, ಮಿಷನರಿಗಳ ಪ್ರಭಾವವನ್ನು ವಿದ್ವಾಂಸರು ಶಂಕಿಸಿದ್ದಾರೆ. ಕೋನಿಕೋನಿಯ ಎಂಬ ಅರಸನ ಕಥೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಕಡಲಾಳದಿಂದ ಬಂದ ಅವನ ಮಡದಿ, ತನ್ನವರು ತನ್ನನ್ನು ಅರಸುತ್ತ ಬರುವಾಗ ಕಡಲೂ ಹಿಂಬಾಲಿಸಿ ಬರುವುದೆಂದು ಮುಂಚಿತವಾಗಿ ಎಚ್ಚರಿಸುತ್ತಾಳೆ, ಎತ್ತರಕ್ಕೆ ಹೋದವರು ಉಳಿಯುತ್ತಾರೆ. ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಅವರ ಭಾಷೆಯಲ್ಲೇ ಇದೆ. ಅಲ್ಲಿ ‘ಕೈ’ ಎಂದರೆ ಕಡಲು. ದಡ ಬಿಟ್ಟು ಒಳಸರಿಯುವ ಕಡಲಿಗೆ ‘ಕೈ ಮಿಮಿಕಿ’ ಎಂದೂ ಏರಿಬರುವ ಕಡಲಿಗೆ ‘ಕೈ ಎಎ’ ಎಂದೂ ಹೆಸರಿವೆ.

ಉತ್ತರ: ಉಪ್ಪಳದ ಸದಸ್ಯೆ

ಅಧ್ಯಾಪಕರ ಮಾತನ್ನು ಒಪ್ಪಿದರೂ ಒಂದು ಸಂಶಯ ಉಳಿಯುತ್ತದೆ. 1837ರ ನವೆಂಬರಿನಲ್ಲಿ, ಚಿಲಿಯ ಭೂಕಂಪದಿಂದೆದ್ದ ಅಲೆಗಳು ಹವಾಯಿಯ ಕಡಲತಡಿಯ ಊರಾದ ಹಿಲೋ ತಲುಪಿದಾಗ, ಬರಿದಾದ ಕಡಲ ತಳವನ್ನು ನೋಡಲು ಜನ ಓಡಿಹೋದರು. 1946ರ ಏಪ್ರಿಲ್ 1ರಂದು ಲೌಪಾಹೊಎಹೊಎಯ ಶಾಲಾಮಕ್ಕಳೂ ಹಾಗೆಯೇ ದಡಕ್ಕೆ ಇಳಿದರು. ಹೆಸರು ಇದ್ದೂ ಅದು ಕಾಯಲಿಲ್ಲವೇಕೆ?

ಉತ್ತರ: ಬದಿಯಡ್ಕದ ಸದಸ್ಯ

ಸೋದರಿ, 1946ರ ಮಟ್ಟಿಗೆ ಒಂದು ಕಾರಣವನ್ನು ಊಹಿಸಬಹುದು. 1896ರ ಕಾನೂನು ಹವಾಯಿಯ ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನ ಮಾಧ್ಯಮವಾಗಿಸಿದ್ದರಿಂದ, ಅರ್ಧ ಶತಮಾನದೊಳಗೆ ಹವಾಯಿ ಭಾಷೆ ಬಹುಪಾಲು ಮಕ್ಕಳ ಬಾಯಿಂದ ಮರೆಯಾಗಿತ್ತು (ಕಾಸರಗೋಡಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ). ಇದಲ್ಲದೆ, ಅಲ್ಲಿನ ಕಬ್ಬಿನ ತೋಟಗಳಿಗೆ ದುಡಿಯಲು ಬಂದ ಜಪಾನಿ, ಪೋರ್ಚುಗೀಸ್ ಮತ್ತು ಫಿಲಿಪಿನೋ ಕುಟುಂಬಗಳಿಗೆ ಆ ಮಾತು ಮನೆಮಾತೂ ಆಗಿರಲಿಲ್ಲ. 1837ಕ್ಕೆ ಮಾತ್ರ ಈ ವಾದ ಹೊಂದುವುದಿಲ್ಲ, ಏಕೆಂದರೆ ಆಗ ದಡಕ್ಕೆ ಓಡಿದವರು ಹವಾಯಿ ಭಾಷೆಯವರೇ. ಒಂದು ತಲೆಮಾರು ಕಾಣದ ಅಲೆಯ ಹೆಸರು ಬಾಯಲ್ಲಿ ಉಳಿದರೂ ಭಯ ಉಳಿಯದಿರಬಹುದು. 1946ರಲ್ಲಿ ದ್ವೀಪಗಳಲ್ಲಿ 159 ಜನ ಸತ್ತ ಬಳಿಕ, 1949ರಲ್ಲಿ ಓಆಹು ದ್ವೀಪದಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವನ್ನು ತೆರೆಯಲಾಯಿತು. ಆದರೂ 1960ರಲ್ಲಿ ಸೈರನ್ ಕೂಗಿದ ಮೇಲೂ ಹಿಲೋದಲ್ಲಿ ಉಳಿದುಕೊಂಡವರಿದ್ದರು, ಮತ್ತು 61 ಜನ ಪ್ರಾಣ ಕಳೆದುಕೊಂಡರು.