ಬೀಡಿನ ಬೆಡ್ ಬಿಲ್ಲಾಗಿದ್ದು ಯಾರ ತಪ್ಪು?

ಮನೆ_ಕಾರ್ಖಾನೆ
ಬಿಡುವಿನಲ್ಲಿ ಸಣ್ಣ ಮಿಲ್ಲಿಂಗ್ ಯಂತ್ರವೊಂದನ್ನು ಕಟ್ಟುತ್ತಿದ್ದೇನೆ. ಅದರ ಅಡಿಪಾಯವಾದ 900 ಮಿ.ಮೀ. ಉದ್ದದ ಬೆಡ್ಡನ್ನು ಎಫ್‌ಜಿ 260 ದರ್ಜೆಯ ಬೂದು ಬೀಡಿನಲ್ಲಿ (ಎರಕದ ಕಬ್ಬಿಣದಲ್ಲಿ) ಹೊಯ್ಯಿಸಿದೆ. ಕೈಗೆ ಬಂದ ಮೂರನೆಯ ದಿನವೇ ಜಾಬ್‌ವರ್ಕ್‌ಗೆ ಕೊಟ್ಟು ಮೇಲ್ಮೈಯಿಂದ 5 ಮಿ.ಮೀ. ತೆಗೆಸಿದೆ. ಯಂತ್ರದ ಮೇಲಿದ್ದಾಗ ಏರುಪೇರು ತೋರಿಸುವ ಡಯಲ್ ಗೇಜಿನ ಮುಳ್ಳು ಕದಲಲಿಲ್ಲ. ಮನೆಗೆ ತಂದು ಮರುದಿನ ನೇರ ಅಂಚಿನ ಪಟ್ಟಿ (ಸ್ಟ್ರೇಟ್ ಎಡ್ಜ್) ಇಟ್ಟರೆ ಅದು ತೊಟ್ಟಿಲಿನಂತೆ ತೂಗಿತು! ನಡುವೆ ಉಬ್ಬು, ಎರಡೂ ತುದಿಗಳಲ್ಲಿ 0.12 ಮಿ.ಮೀ. ದಪ್ಪದ ಫೀಲರ್ ಪಟ್ಟಿ ನುಸುಳುತ್ತದೆ. ಎರಕ ಹೊಯ್ದವರನ್ನು ಕೇಳಿದರೆ ‘ಬೀಡು ಎಂದ ಮೇಲೆ ಸ್ವಲ್ಪ ಬಾಗುವುದೇ’ ಎಂದು ಕೈ ತೊಳೆದುಕೊಂಡರು. ಇದನ್ನು ಹಿತ್ತಲಲ್ಲಿ ಬಿಡಬೇಕೆ, ಕಾಯಿಸಬೇಕೆ, ಗುಜರಿಗೆ ಹಾಕಬೇಕೆ?

ಹರಿಹರದ ಹಳೇ ಫಿಟ್ಟರ್
ಮೂರು ದಿನಕ್ಕೆ ಕತ್ತರಿಸಿದ್ದೇ ತಪ್ಪು. ನಮ್ಮ ಕಾಲದಲ್ಲಿ ಲೇತ್ ಬೆಡ್ಡುಗಳನ್ನು ಒರಟು ಕಟಿಂಗ್ ಮಾಡಿ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಒಟ್ಟುತ್ತಿದ್ದರು. ಮಳೆ, ಬಿಸಿಲು, ಚಳಿ ಎಲ್ಲವನ್ನೂ ಉಂಡು ಅವು ಕೆಂಪಾಗುತ್ತಿದ್ದವು. ಪಕ್ಕೆಗಳ ನಡುವೆ ಹುಲ್ಲು ಬೆಳೆದಿರುತ್ತಿತ್ತು. ಹಾವು ಇದೆಯೇ ಎಂದು ಕೋಲಿನಿಂದ ತಟ್ಟಿ ನೋಡಿಯೇ ಕ್ರೇನಿನ ಸರಪಳಿ ಹಾಕುತ್ತಿದ್ದೆವು. ಹಾಗೆ ಹಣ್ಣಾದ ಬೆಡ್ ಮತ್ತೆ ಕದಲುತ್ತಿರಲಿಲ್ಲ. ಎರಡು ಮಳೆಗಾಲ ಬಿಡಿ.

ಕಬ್ಬಿಣದಕ್ಕ
ಹುಬ್ಬಳ್ಳಿಯಲ್ಲಿ ಲೋಹವಿಜ್ಞಾನ ಕಲಿಸುತ್ತೇನೆ. ಫಿಟ್ಟರ್ ಸರ್ ಕಂಡದ್ದು ಸುಳ್ಳಲ್ಲ, ಆದರೆ ಬಯಲಿನಲ್ಲಿ ಹಣ್ಣಾಗಿ ಎಲ್ಲ ಸರಿಹೋಗುತ್ತದೆ ಎಂಬುದು ಪೂರ್ತಿ ನಿಜವಲ್ಲ. ಬಯಲಿನಲ್ಲಿ ವರ್ಷಗಟ್ಟಲೆ ಇಟ್ಟರೂ ಒಳಬಿಗಿತ (ತಣಿಯುವಾಗ ಲೋಹದೊಳಗೆ ಸಿಕ್ಕಿಕೊಂಡ ಎಳೆತ, ಒತ್ತು) ಇಳಿಯುವುದು ಬಹಳವಾದರೆ ಶೇ 10. ಮಿಕ್ಕದ್ದು ಹಾಗೆಯೇ ಕುಳಿತಿರುತ್ತದೆ. ಆಗುವ ಲಾಭ ಬೇರೆ. ಬೂದು ಬೀಡಿನಲ್ಲಿ ಗ್ರಾಫೈಟ್ ಎಲೆಯೆಲೆಯಾಗಿ ಹರಡಿರುತ್ತದೆ. ಆ ಎಲೆಗಳ ಚೂಪು ತುದಿಗಳಲ್ಲಿ ಬಿಗಿತ ವಿಪರೀತ ಏರಿರುತ್ತದೆ. ಕಾಲ ಕಳೆದಂತೆ ಆ ತುದಿಗಳಲ್ಲಿ ಲೋಹ ಕೂದಲೆಳೆಯಷ್ಟು ಸರಿದು ನೆಲೆಗೊಳ್ಳುತ್ತದೆ. ಆಮೇಲೆ ಅಳತೆ ಸುಲಭವಾಗಿ ಅಲುಗುವುದಿಲ್ಲ. ಆದರೆ ಅಂಥ ಬೆಡ್ಡಿನಿಂದ ಮತ್ತೆ 3 ಮಿ.ಮೀ. ತೆಗೆದು ನೋಡಿ, ಉಳಿದ ಬಿಗಿತ ಆಗ ತನ್ನ ಬುದ್ಧಿ ತೋರಿಸುತ್ತದೆ.

ಬಿಗಿತ ಹುಟ್ಟುವುದು ಅಚ್ಚಿನಲ್ಲೇ. ತೆಳು ಪಕ್ಕೆ ಬೇಗ ತಣಿದು ಬಿರುಸಾಗುತ್ತದೆ. ಯಂತ್ರದ ಚಲಿಸುವ ಭಾಗ ಜಾರುವ ಹಾದಿಯಾದ ದಪ್ಪನೆಯ ಗೈಡ್‌ವೇ ಆಗಿನ್ನೂ ಬಿಸಿ. ಅದು ನಿಧಾನವಾಗಿ ಕುಗ್ಗಲು ಹೊರಟಾಗ ಪಕ್ಕೆಗಳು ಬಿಡುವುದಿಲ್ಲ. ಕೊನೆಗೆ ದಪ್ಪ ಭಾಗ ಎಳೆತದಲ್ಲಿ, ತೆಳು ಭಾಗ ಒತ್ತಿನಲ್ಲಿ ಸಿಕ್ಕಿಕೊಳ್ಳುತ್ತವೆ. ಇವೆರಡರ ನಡುವೆ 100 ಡಿಗ್ರಿ ಸೆಲ್ಸಿಯಸ್ ಅಂತರವಿದ್ದು, ಕುಗ್ಗಲು ಎಡೆಯೇ ಇಲ್ಲ ಎಂದುಕೊಂಡರೆ ಸುಮಾರು 120 ನ್ಯೂಟನ್ ಪ್ರತಿ ಚದರ ಮಿ.ಮೀ. ಬಿಗಿತವಾಗುತ್ತದೆ. ಎಫ್‌ಜಿ 260ರ ಎಳೆತದ ಬಲವೇ 260. ಹೊರಗಿನಿಂದ ಯಾರೂ ಮುಟ್ಟುವ ಮೊದಲೇ ಅರ್ಧದ ಹತ್ತಿರ ಖರ್ಚಾದ ಹಾಗೆ.

ತರಗತಿಯಲ್ಲಿ ಇದನ್ನು ತೋರಿಸಲು ಮೂರು ಸರಳಿನ ಜಾಲರಿ ಎರಕ ಹೊಯ್ಯುತ್ತೇವೆ. ನಡುವಿನದು ದಪ್ಪ, ಅಕ್ಕಪಕ್ಕದವು ತೆಳು, ತುದಿಗಳು ಕೂಡಿಕೊಂಡಿರುತ್ತವೆ. ನಡುಸರಳಿನ ಮೇಲೆ ಎರಡು ಪಂಚ್ ಗುರುತು ಹಾಕಿ, ಅಂತರ ಬರೆದುಕೊಂಡು, ಗುರುತುಗಳ ಮಧ್ಯೆ ಗರಗಸ ಓಡಿಸಬೇಕು. ಗರಗಸ ತಳ ಮುಟ್ಟುವ ಮೊದಲೇ ಸರಳು ಟಣ್ ಎಂದು ತಾನಾಗಿ ಹರಿಯುತ್ತದೆ. ಮತ್ತೆ ಅಳೆದರೆ ಗುರುತುಗಳು ದೂರ ಸರಿದಿರುತ್ತವೆ. ಅದೇ ಅಚ್ಚಿನ ಇನ್ನೊಂದು ಜಾಲರಿಯನ್ನು ಕಾಯಿಸಿ ತಣಿಸಿ ಕೊಯ್ದರೆ ಸದ್ದೂ ಇಲ್ಲ, ಹೇಳಿಕೊಳ್ಳುವಷ್ಟು ಸರಿದಾಟವೂ ಇಲ್ಲ.

ಉದ್ಯಮಬಾಗ್ ಎರಕ
ಬೆಳಗಾವಿಯಿಂದ. ಈ ಬೆಡ್ ಹೊಯ್ದವರು ನಾವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೂ ನಮ್ಮವರ ಪರ ಎರಡು ಮಾತು. ಇಂಥ ಎರಕ 300 ಡಿಗ್ರಿಗೆ ಇಳಿಯುವವರೆಗೆ ಮರಳಿನಲ್ಲೇ ಇರಬೇಕು. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಷ್ಟು ಹೊತ್ತು ಅಚ್ಚಿನ ಬಾಕ್ಸು ಖಾಲಿಯಾಗುವುದಿಲ್ಲ, ಮರಳು ಸಿಗುವುದಿಲ್ಲ, ಜಾಗ ಇರುವುದಿಲ್ಲ. ಗಿರಾಕಿ ಮಾತ್ರ ಕಿಲೋ ಲೆಕ್ಕದಲ್ಲಿ ಚೌಕಾಸಿ ಮಾಡಿ ‘ನಾಳೆಯೇ ಬೇಕು’ ಎನ್ನುತ್ತಾನೆ. ಕೆಂಪಗಿರುವಾಗಲೇ ಬಾಕ್ಸ್ ಒಡೆದರೆ ಗಾಳಿ ತಗುಲಿದ ಪಕ್ಕೆ ಕಪ್ಪಾಗುತ್ತದೆ, ಗೈಡ್‌ವೇ ಇನ್ನೂ ಕೆಂಡ. ಆರ್ಡರ್‌ನಲ್ಲಿ ‘ಅಚ್ಚಿನಲ್ಲೇ ತಣಿಸಬೇಕು, ಸ್ಟ್ರೆಸ್ ರಿಲೀವ್ (ಕಾಯಿಸಿ ಒಳಬಿಗಿತ ಇಳಿಸುವುದು) ಮಾಡಿ ಕೊಡಬೇಕು’ ಎಂದು ಬರೆದಿದ್ದಿರಾ?

ಮನೆ_ಕಾರ್ಖಾನೆ
ಬರೆದಿರಲಿಲ್ಲ. ಬರೆಯಬೇಕು ಎಂದು ಗೊತ್ತೂ ಇರಲಿಲ್ಲ.

ಗಿಯರ್ ಪೆಟ್ಟಿಗೆ
ಕುಲುಮೆಯ ಗೊಡವೆ ಏಕೆ? ಬೆಡ್ಡನ್ನು ರಬ್ಬರ್ ಮೇಲೆ ಕೂರಿಸಿ, ಕೇಂದ್ರ ತಪ್ಪಿಸಿ ಭಾರ ಕೂರಿಸಿದ ಮೋಟಾರ್ ಬಿಗಿದು ಅರ್ಧ ಗಂಟೆ ನಡುಗಿಸಿದರೆ ಮುಗಿಯಿತು. ನಾವು ವೆಲ್ಡಿಂಗ್ ಮಾಡಿದ ಚೌಕಟ್ಟುಗಳಿಗೆ ಮಾಡಿಸುತ್ತೇವೆ. ಮೊದಲು ಮತ್ತು ಆಮೇಲಿನ ಗ್ರಾಫ್ ಕೂಡ ಕೊಡುತ್ತಾರೆ.

ಕಬ್ಬಿಣದಕ್ಕ
ಗ್ರಾಫ್ ತೋರಿಸುವುದು ಅನುರಣನದ ಶಿಖರ, ಅಂದರೆ ಅತಿ ಹೆಚ್ಚು ನಡುಗುವ ವೇಗ, ಎಷ್ಟು ಸರಿದಿದೆ ಎಂಬುದನ್ನು. ಬಿಗಿತ ಎಷ್ಟು ಇಳಿಯಿತು ಎಂಬುದನ್ನಲ್ಲ. ಕಂಪನದ ಬಿಗಿತವೂ ಒಳಗಿನ ಬಿಗಿತವೂ ಕೂಡಿ ಲೋಹ ಸರಿಯುವ ಮಟ್ಟ ದಾಟಿದ ಕಡೆ ಮಾತ್ರ ಏನಾದರೂ ನಡೆಯುತ್ತದೆ, ಮಿಕ್ಕ ಕಡೆ ಬರಿಯ ನಡುಕ. ಬೀಡಿಗೆ ಅಳತೆಯ ಸ್ಥಿರತೆ ಸ್ವಲ್ಪ ಬರಬಹುದು, ಬಯಲಿನಲ್ಲಿ ಇಟ್ಟಾಗ ಬರುವಂತೆಯೇ. ಕುಲುಮೆಯೊಳಗೆ ಹಿಡಿಸದಷ್ಟು ದೊಡ್ಡ ಎರಕವಾದರೆ ಪ್ರಯತ್ನಿಸಬಹುದು. 900 ಮಿ.ಮೀ. ಬೆಡ್ಡಿಗೆ ಆ ನೆಪವೂ ಇಲ್ಲ.

ಗಿಯರ್ ಪೆಟ್ಟಿಗೆ
ನಮ್ಮ ಚೌಕಟ್ಟುಗಳು ಇವತ್ತಿಗೂ ನೆಟ್ಟಗಿವೆ ಮೇಡಂ.

ಕಬ್ಬಿಣದಕ್ಕ
ನಡುಗಿಸದೆ ಬಿಟ್ಟಿದ್ದರೂ ನೆಟ್ಟಗಿರುತ್ತಿದ್ದವೇನೋ. ಹೋಲಿಸಲು ಒಂದನ್ನಾದರೂ ಹಾಗೆಯೇ ಬಿಟ್ಟಿದ್ದಿರಾ?

ತೋಟದ ಮನೆ
ಸುಲಭದ ದಾರಿ ಹೇಳುತ್ತೇನೆ. ನಮ್ಮೂರಿನಲ್ಲಿ ಇಟ್ಟಿಗೆ ಗೂಡು ಇದೆ. ನಡುವೆ ಇಟ್ಟು ಮುಚ್ಚಿಸಿಬಿಡಿ, ವಾರಗಟ್ಟಲೆ ತಾನಾಗಿ ತಣಿಯುತ್ತದೆ. ಖರ್ಚಿಲ್ಲ.

ಕಬ್ಬಿಣದಕ್ಕ
ದಯವಿಟ್ಟು ಬೇಡ! ತಣಿಯುವ ನಿಧಾನ ಚೆನ್ನಾಗಿದೆ, ಆದರೆ ಗೂಡಿನ ಬಿಸಿ 900 ಡಿಗ್ರಿಯ ಆಸುಪಾಸು. ಬೀಡಿಗೆ ಗಟ್ಟಿತನ ಕೊಡುವ ಪರ್ಲೈಟ್ 600 ದಾಟುತ್ತಿದ್ದಂತೆ ಒಡೆಯತೊಡಗುತ್ತದೆ. ಗ್ರಾಫೈಟ್ ಹೆಚ್ಚಿ, ಎರಕ ಊದಿ, ಗೈಡ್‌ವೇ ಮೆತ್ತಗಾಗುತ್ತದೆ. 400ರಲ್ಲಿ ಕಾಯಿಸಿದರೆ ಬಿಗಿತ ಹೆಚ್ಚೇನೂ ಇಳಿಯದು. ಮಿಶ್ರಲೋಹ ಸೇರಿಸದ ಬೀಡಿಗೆ 540ರಿಂದ 565ರ ಕಿರಿದಾದ ಕಿಟಕಿಯಲ್ಲೇ ಕೆಲಸ ಆಗಬೇಕು. 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ ಹಿಡಿಯಿರಿ. ಕಾಯುವುದೂ ತಣಿಯುವುದೂ ನಿಧಾನವಾಗಿರಲಿ, ಕುಲುಮೆಯ ಬಾಗಿಲನ್ನು 300ರ ಕೆಳಗೆ ಇಳಿಯುವ ಮುನ್ನ ತೆಗೆಯಬಾರದು. ಅವಸರದಲ್ಲಿ ತಣಿಸಿದರೆ ಹಳೆಯ ಬಿಗಿತ ಹೋಗಿ ಹೊಸದು ಬಂದು ಕೂರುತ್ತದೆ. ಬಿಸಿ ಅಳೆಯುವ ಥರ್ಮೋಕಪಲ್ಲನ್ನು ಗಾಳಿಯಲ್ಲಿ ತೂಗುಬಿಡದೆ ಎರಕಕ್ಕೇ ತಾಗಿಸಿ. ಬೆಡ್ಡಿನ ಕೆಳಗೆ ಅಲ್ಲಲ್ಲಿ ಆಸರೆ ಕೊಡಿ, 550ರಲ್ಲಿ ಅದು ತನ್ನ ಭಾರಕ್ಕೇ ಜೋಲಬಹುದು.

ಹರಿಹರದ ಹಳೇ ಫಿಟ್ಟರ್
ರಾತ್ರಿಯೆಲ್ಲ ಇದೇ ತಲೆಯಲ್ಲಿತ್ತು. ಎಲ್ಲರೂ ಕಬ್ಬಿಣವನ್ನೇ ಬೈಯುತ್ತಿದ್ದೇವೆ, ನಾನೂ ಸೇರಿ. ಸ್ವಾಮಿ, ಜಾಬ್‌ವರ್ಕಿನವರು ಬೆಡ್ಡನ್ನು ಎಷ್ಟು ಕಡೆ ಬಿಗಿದಿದ್ದರು? ತಳವನ್ನು ಮೊದಲು ಸಮ ಮಾಡಿಕೊಂಡಿದ್ದರೋ ಇಲ್ಲವೋ? ನಡುವಿನ ಬೋಲ್ಟಿನ ಕೆಳಗೆ ಸಂದು ತುಂಬುವ ತೆಳು ತಗಡು, ಶಿಮ್, ಇತ್ತೆ?

ಮನೆ_ಕಾರ್ಖಾನೆ
ಆರು ಕಡೆ: ನಾಲ್ಕು ಮೂಲೆ, ನಡುವೆ ಎರಡು. ತಳ ಕಟಿಂಗ್ ಮಾಡದ ಎರಕದ ಹಸಿ ಮೈಯೇ. ಶಿಮ್ ನೋಡಿದ ನೆನಪಿಲ್ಲ.

ಹರಿಹರದ ಹಳೇ ಫಿಟ್ಟರ್
ಹಾಗಾದರೆ ಇಬ್ಬರು ಕಳ್ಳರಿದ್ದಾರೆ. ತಳದ ನಡುವೆ ಸಂದು ಇದ್ದು ಬೋಲ್ಟು ಬಿಗಿದಾಗ ಬೆಡ್ ಕೆಳಗೆ ಬಾಗಿದೆ. ಬಾಗಿದ್ದರ ಮೇಲೆ ಸಮತಟ್ಟಾಗಿ ಕತ್ತರಿಸಿದ್ದಾರೆ. ಬಿಚ್ಚಿದೊಡನೆ ನಡು ಮೇಲೆದ್ದಿದೆ. ಎಳೆತದಲ್ಲಿದ್ದ ಮೇಲ್ಪದರ ತೆಗೆದರೂ ನಡುವೇ ಮೇಲೇಳುತ್ತದೆ. ಎರಡರ ಫಲವೂ ಉಬ್ಬೇ. ಕಟಿಂಗ್ ಬಿಸಿಯ ತಪ್ಪಾಗಿದ್ದರೆ ತಣಿದ ಮೇಲೆ ನಡು ತಗ್ಗಾಗಿರುತ್ತಿತ್ತು, ಹಾಗಾಗಿ ಅದನ್ನು ಬಿಟ್ಟುಬಿಡಿ. ಮತ್ತೆ ಅದೇ ಟೇಬಲ್ಲಿನ ಮೇಲೆ ಇಟ್ಟು, ನಡುವೆ ಡಯಲ್ ಊರಿ, ಒಂದೊಂದೇ ಬೋಲ್ಟು ಬಿಗಿಯುತ್ತ ಮುಳ್ಳು ನೋಡಿ.

ಮನೆ_ಕಾರ್ಖಾನೆ
ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಫಿಟ್ಟರ್ ಸರ್ ಹೇಳಿದಂತೆ ನಡುವಿನ ಬೋಲ್ಟುಗಳನ್ನು ಬಿಗಿದಾಗ ಮುಳ್ಳು 0.07 ಇಳಿಯಿತು. 0.12ರಲ್ಲಿ ಅಷ್ಟು ತಪ್ಪಾಗಿ ಬಿಗಿದ ಬೋಲ್ಟಿನ ಪಾಲು, ಉಳಿದ 0.05 ಕಬ್ಬಿಣದ್ದು. ಎರಕದವರ ಮೇಲಿನ ಸಿಟ್ಟು ಅರ್ಧಕ್ಕಿಳಿಯಿತು.

ಬೆಡ್ ತಿರುವಿ ತಳದಲ್ಲಿ ಮೂರು ಪಾದ ಮಾಡಿಸಿದೆ. ಇನ್ನು ಮೇಲೆ ಕೂರುವುದು ಆ ಮೂರರ ಮೇಲೆ, ಬಿಗಿಯುವುದೂ ಅವುಗಳ ನೇರಕ್ಕೇ. ಎಲ್ಲ ಮೈಗಳಲ್ಲೂ ಒರಟು ಕಟಿಂಗ್ ಮುಗಿಸಿ, 1 ಮಿ.ಮೀ. ಉಳಿಸಿ, ಕಾಯಿಸುವವರಿಗೆ ಕೊಟ್ಟೆ. ಗಂಟೆಗೆ 60 ಡಿಗ್ರಿಯಂತೆ 550ಕ್ಕೆ ಏರಿಸಿ, ಎರಡು ಗಂಟೆ ಹಿಡಿದು, ಗಂಟೆಗೆ 40ರಂತೆ 250ಕ್ಕೆ ಇಳಿಸಿದರು. ಹದಿನೆಂಟು ಗಂಟೆ ಮೀರಿತು. ಹೊರಬಂದಾಗ 0.06 ಸೊಟ್ಟವಾಗಿತ್ತು, ಎದೆ ಧಸಕ್ಕೆಂದಿತು.

ಕಬ್ಬಿಣದಕ್ಕ
ಬಿಗಿತ ಬಿಡಿಸಿದರೆ ಬಾಗಲೇಬೇಕಲ್ಲ! ಆ 1 ಮಿ.ಮೀ. ಉಳಿಸಿದ್ದು ಅದಕ್ಕೇ. ಫಿನಿಶಿಂಗ್ ಆದ ಮೇಲೆ?

ಮನೆ_ಕಾರ್ಖಾನೆ
ಬಿಚ್ಚಿದ ಮೇಲೆ 0.01. ಮೂರು ವಾರ ಕಳೆದು ನೋಡಿದರೂ ಅಷ್ಟೇ.

ಉದ್ಯಮಬಾಗ್ ಎರಕ
ಕಾಯಿಸಲು ತಗುಲಿದ ಖರ್ಚನ್ನು ಮೊದಲೇ ಎರಕದ ದರದಲ್ಲಿ ಸೇರಿಸಿ ಕೇಳಿದ್ದರೆ ಕೊಡುತ್ತಿದ್ದಿರಾ? ನಿಜ ಹೇಳಿ.

ಮನೆ_ಕಾರ್ಖಾನೆ
ಇಲ್ಲ. ಪಕ್ಕದ ಫೌಂಡ್ರಿಗೆ ಹೋಗುತ್ತಿದ್ದೆ.

ಹರಿಹರದ ಹಳೇ ಫಿಟ್ಟರ್
ಉಳಿದ 0.01ನ್ನು ಕೈಯಿಂದ ಕೆರೆಯುವ ಸ್ಕ್ರೇಪರ್ ನೋಡಿಕೊಳ್ಳುತ್ತದೆ. ಬೆಡ್ಡಿನ ಉಬ್ಬುಗಳು ಚುಕ್ಕೆಯಾಗಿ ಕಾಣಲೆಂದು ಸರ್ಫೇಸ್ ಪ್ಲೇಟಿಗೆ (ಸಮತಟ್ಟು ನೋಡುವ ಹಲಗೆಗೆ) ನೀಲಿ ಹಚ್ಚುವಾಗ ತೆಳ್ಳಗಿರಲಿ, ಹೊಸಬರೆಲ್ಲ ದೋಸೆಗೆ ಚಟ್ನಿ ಬಳಿದಂತೆ ಬಳಿಯುತ್ತಾರೆ. ಮೊದಲ ಸುತ್ತಿನ ಚುಕ್ಕೆಗಳ ಫೋಟೊ ಹಾಕಿ, ನೋಡೋಣ.